ಪಾರ್ಕ್‌ಗೆ ವಾರಕ್ಕೊಂದು ಗಂಟೆ: ಹೊಸ ಸ್ವಯಂಸೇವಕರಿಗೆ ಹಂತ ಹಂತವಾಗಿ

ಬಡಾವಣೆಯ ಪಾರ್ಕ್‌ನ ಕೆಲಸಕ್ಕೆ ಕೈ ಹಚ್ಚಬೇಕು ಎಂಬ ಆಸೆ ಬಹಳ ಜನರಿಗಿದೆ. ಅವರನ್ನು ತಡೆಯುವುದು ಸಣ್ಣ ಸಣ್ಣ ಅಳುಕುಗಳು. ಯಾರನ್ನು ಕೇಳಬೇಕು? ಗಿಡಗಳ ಹೆಸರೇ ಗೊತ್ತಿಲ್ಲವಲ್ಲ? ಗುದ್ದಲಿ ಹಿಡಿದು ಅಭ್ಯಾಸವೇ ಇಲ್ಲವಲ್ಲ? 'ನಿಮಗ್ಯಾಕ್ರೀ ಇಲ್ಲದ ಉಸಾಬರಿ' ಅಂತ ಯಾರಾದರೂ ಅಂದುಬಿಟ್ಟರೆ?

ಭಯಪಡಬೇಡಿ. ಇದಕ್ಕೆ ತೋಟಗಾರಿಕೆ ಓದಿರಬೇಕಿಲ್ಲ, ದುಡ್ಡೂ ಹೆಚ್ಚು ಬೇಕಿಲ್ಲ. ವಾರಕ್ಕೆ ಒಂದು ಗಂಟೆ, ಪ್ರತಿ ವಾರ ಅದೇ ದಿನ ಅದೇ ಹೊತ್ತು, ಇಷ್ಟಿದ್ದರೆ ಸಾಕು. ವಾರಕ್ಕೊಮ್ಮೆ ಎನ್ನುವುದಕ್ಕೆ ಕಾರಣವಿದೆ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆಯ ಮೊಟ್ಟೆ ಏಳರಿಂದ ಹತ್ತು ದಿನದಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಎಲೆಗೊಬ್ಬರದ ರಾಶಿಯನ್ನು ವಾರಕ್ಕೊಮ್ಮೆ ಮಗುಚಬೇಕು. ಕಳೆ ಹೂ ಬಿಡುವ ಮೊದಲೇ ಕಣ್ಣಿಗೆ ಬೀಳಬೇಕು. ವರ್ಷಕ್ಕೊಂದು ದಿನ ನೂರು ಜನ ಸೇರಿ ಮಾಡುವ ಶ್ರಮದಾನದಿಂದ ಈ ಕೆಲಸಗಳು ಆಗುವುದಿಲ್ಲ. ಒಬ್ಬರೇ ಆದರೂ ವಾರವಾರ ಬರುವವರಿಂದ ಆಗುತ್ತವೆ.

ಬನ್ನಿ, ಒಂದೊಂದೇ ಹೆಜ್ಜೆ ಇಡೋಣ.

ಹಂತ 1: ಒಂದೇ ಒಂದು ಪಾರ್ಕ್ ಆರಿಸಿಕೊಳ್ಳಿ

ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ್ದನ್ನೇ ಆರಿಸಿ. ಬಸ್ಸು ಹತ್ತಿ ಹೋಗುವ ಪಾರ್ಕ್ ಎಷ್ಟೇ ಚೆಂದ ಇದ್ದರೂ ಮಳೆ ಬಂದ ದಿನ, ನೆಂಟರು ಬಂದ ದಿನ ತಪ್ಪಿಹೋಗುತ್ತದೆ. ಮೊದಲ ದಿನ ಏನೂ ಕೆಲಸ ಮಾಡಬೇಡಿ. ಒಂದು ಸುತ್ತು ಹಾಕಿ, ನಾಲ್ಕು ಸಂಗತಿ ಚೀಟಿಯಲ್ಲಿ ಬರೆದುಕೊಳ್ಳಿ: ನಲ್ಲಿ ಎಲ್ಲಿದೆ, ಕಸದ ಬುಟ್ಟಿ ಎಲ್ಲಿದೆ, ನೀರು ಎಲ್ಲಿ ನಿಲ್ಲುತ್ತದೆ, ಯಾವ ಗಿಡ ಸೊರಗಿದೆ.

ಎಚ್ಚರ: ಮೊದಲ ದಿನವೇ ಎರಡು ಮೂರು ಪಾರ್ಕ್‌ಗಳ ಜವಾಬ್ದಾರಿ ಹೊರಬೇಡಿ. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲೇ.

ಹಂತ 2: ಪಾರ್ಕ್ ಯಾರ ಸುಪರ್ದಿಯಲ್ಲಿದೆ ಎಂದು ತಿಳಿದುಕೊಳ್ಳಿ

ಎಲ್ಲ ಪಾರ್ಕ್‌ಗೂ ಒಂದೇ ಇಲಾಖೆ ಇರುವುದಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗ್ ರಾಜ್ಯದ ತೋಟಗಾರಿಕೆ ಇಲಾಖೆಯ ಕೈಯಲ್ಲಿವೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಮೈಸೂರು ವಿಶ್ವವಿದ್ಯಾಲಯದ್ದು. ಬಡಾವಣೆಯ ಸಣ್ಣ ಪಾರ್ಕ್‌ಗಳನ್ನು ಸಾಮಾನ್ಯವಾಗಿ ನಗರಪಾಲಿಕೆ, ನಗರಸಭೆ ಅಥವಾ ಪುರಸಭೆ ನೋಡಿಕೊಳ್ಳುತ್ತದೆ. ಗೇಟಿನ ಪಕ್ಕದ ಬೋರ್ಡ್ ಓದಿ. ಬೋರ್ಡ್ ಇಲ್ಲದಿದ್ದರೆ ಕಾವಲಿನವರನ್ನು ಅಥವಾ ಬಡಾವಣೆಯ ನಿವಾಸಿಗಳ ಸಂಘದವರನ್ನು ಕೇಳಿ. ಇಲಾಖೆಯ ಹೆಸರು ಸಿಕ್ಕಿದರೆ ಅರ್ಧ ದಾರಿ ಕಳೆದ ಹಾಗೆ.

ಹಂತ 3: ಮಾಲಿಯವರನ್ನು ಮಾತಾಡಿಸಿ

ಆಫೀಸಿಗೆ ಹೋಗುವ ಮೊದಲು ಪಾರ್ಕ್‌ನಲ್ಲಿ ದಿನಾ ದುಡಿಯುವವರ ಹತ್ತಿರ ಹೋಗಿ. ಯಾವ ಪೈಪು ಒಡೆದಿದೆ, ಯಾವ ಮೂಲೆಗೆ ಬಿಸಿಲು ಬೀಳುವುದಿಲ್ಲ, ಹೋದ ವರ್ಷ ನೆಟ್ಟ ಸಸಿ ಏಕೆ ಸತ್ತಿತು, ಇದೆಲ್ಲ ಅವರಿಗೆ ಗೊತ್ತು. ಹೀಗೆ ಶುರುಮಾಡಿ: "ಅಣ್ಣಾ, ನಮಸ್ಕಾರ. ಭಾನುವಾರ ಬೆಳಿಗ್ಗೆ ಒಂದು ಗಂಟೆ ನಿಮ್ಮ ಜೊತೆ ಕೆಲಸ ಮಾಡ್ಬೇಕು ಅಂತಿದೀನಿ. ಏನು ಮಾಡಿದ್ರೆ ನಿಮಗೆ ಅನುಕೂಲ ಆಗುತ್ತೆ ಹೇಳಿ." ಹೆಣ್ಣುಮಕ್ಕಳಿದ್ದರೆ ಅಕ್ಕಾ ಅನ್ನಿ, ವಯಸ್ಸಾದವರಿದ್ದರೆ ಅಮ್ಮಾ ಅನ್ನಿ.

ಎಚ್ಚರ: 'ಇಲ್ಲಿ ಗುಡಿಸಿಲ್ಲ, ಅಲ್ಲಿ ನೀರು ಹಾಕಿಲ್ಲ' ಎಂದು ತಪ್ಪು ಎತ್ತಿ ಆಡಬೇಡಿ. ನೀವು ಹೋಗುವುದು ಸಹಾಯಕ್ಕೆ, ಮೇಲ್ವಿಚಾರಣೆಗೆ ಅಲ್ಲ. 'ನಾವಿದ್ದೇವೆ, ಇನ್ನು ಕೂಲಿಯವರು ಬೇಡ' ಎಂದು ಯಾರೂ ಹೇಳುವಂತೆಯೂ ಆಗಬಾರದು. ಅವರ ಕೆಲಸ ಉಳಿಯಬೇಕು, ಅವರ ಹೊರೆ ಇಳಿಯಬೇಕು.

ಹಂತ 4: ಒಂದು ಪುಟದ ಅರ್ಜಿ ಕೊಡಿ

ಸರ್ಕಾರಿ ಪತ್ರ ಅಂದ ಕೂಡಲೇ ಗಾಬರಿಯಾಗಬೇಡಿ. ಬಿಳಿ ಹಾಳೆಯ ಮೇಲೆ ಇಷ್ಟು ಬರೆದರೆ ಸಾಕು: "ನಮ್ಮ ಬಡಾವಣೆಯ ಉದ್ಯಾನವನದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ 7 ರಿಂದ 8 ರವರೆಗೆ, ಅಲ್ಲಿನ ಮಾಲಿಗಳ ಮಾರ್ಗದರ್ಶನದಲ್ಲಿ, ಕಸ ಆಯುವುದು, ಕಳೆ ಕೀಳುವುದು, ಎಲೆಗೊಬ್ಬರ ಮಾಡುವುದು, ಸಸಿ ನೆಡುವುದು ಈ ಕೆಲಸಗಳಲ್ಲಿ ಸ್ವಯಂಸೇವಕನಾಗಿ ಕೈಜೋಡಿಸಲು ಅನುಮತಿ ಕೋರುತ್ತೇನೆ." ಸ್ವಯಂಸೇವಕಿಯಾದರೆ ಹಾಗೆ ಬದಲಿಸಿಕೊಳ್ಳಿ. ಕೆಳಗೆ ಹೆಸರು, ವಿಳಾಸ, ಫೋನ್ ನಂಬರ್ ಹಾಕಿ. ಎರಡು ಪ್ರತಿ ಮಾಡಿ. ಒಂದನ್ನು ಆಫೀಸಿಗೆ ಕೊಟ್ಟು, ಇನ್ನೊಂದರ ಮೇಲೆ ಸ್ವೀಕರಿಸಿದ ಸೀಲು ಹಾಕಿಸಿ ಮನೆಯಲ್ಲಿಡಿ.

ಕಸ ಹೆಕ್ಕಲೂ ಅನುಮತಿ ಬೇಕೇ ಅನ್ನಿಸಬಹುದು. ಬರಿಯ ಕಸಕ್ಕೆ ಯಾರೂ ಅಡ್ಡಿ ಮಾಡಲಾರರು. ಮುಂದೆ ಗುಂಡಿ ತೋಡುವಾಗ, ಸಸಿ ನೆಡುವಾಗ ಈ ಹಾಳೆ ನಿಮ್ಮ ಬೆನ್ನಿಗಿರುತ್ತದೆ.

ಹಂತ 5: ಸಾಮಾನು ಹೊಂದಿಸಿಕೊಳ್ಳಿ

ಮೊದಲ ತಿಂಗಳಿಗೆ ಬೇಕಾದದ್ದು ಇಷ್ಟೇ:

- ದಪ್ಪನೆಯ ಗ್ಲೌಸ್ ಒಂದು ಜೊತೆ
- ಎರಡು ಗೋಣಿಚೀಲ: ಒಂದು ಪ್ಲಾಸ್ಟಿಕ್‌ಗೆ, ಒಂದು ಗಾಜಿಗೆ
- ಕಳೆ ತೆಗೆಯುವ ಸಣ್ಣ ಕುರ್ಪಿ
- ಮುಚ್ಚಿದ ಶೂ, ತುಂಬುತೋಳಿನ ಅಂಗಿ, ಟೋಪಿ
- ಕುಡಿಯುವ ನೀರು, ಒಂದು ಸಣ್ಣ ಫಸ್ಟ್ ಏಡ್ ಡಬ್ಬಿ

ಗುದ್ದಲಿ, ಸಲಿಕೆ, ಹಾರೆ, ಬಾಂಡ್ಲಿ ಪಾರ್ಕ್‌ನ ಶೆಡ್‌ನಲ್ಲೇ ಇರುತ್ತವೆ. ಮಾಲಿಯವರನ್ನು ಕೇಳಿ ತೆಗೆದುಕೊಳ್ಳಿ. ಕೆಲಸ ಮುಗಿದ ಮೇಲೆ ಮಣ್ಣು ಒರೆಸಿ ಅದೇ ಜಾಗಕ್ಕೆ ಇಡಿ.

ಎಚ್ಚರ: ಕಾಣದ ಕಡೆ ಬರಿಗೈ ಹಾಕಬೇಡಿ. ಎಲೆರಾಶಿ, ಕಲ್ಲಿನ ಸಂದು, ಪೊದೆ ಇವುಗಳನ್ನು ಮೊದಲು ಉದ್ದನೆಯ ಕೋಲಿನಿಂದ ತಟ್ಟಿ. ಹಾವು ಕಂಡರೆ ಹಿಂದೆ ಸರಿದು, ಜನರನ್ನು ದೂರ ನಿಲ್ಲಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926 ಕ್ಕೆ ಫೋನ್ ಮಾಡಿ. ಕಚ್ಚಿದ್ದೇ ಆದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ 108 ಆಂಬ್ಯುಲೆನ್ಸ್ ಕರೆಸಿ ನೇರ ಆಸ್ಪತ್ರೆಗೆ ಹೋಗಿ. ಮರದ ಮೇಲೆ ಹೆಜ್ಜೇನು ಗೂಡಿದ್ದರೆ ಅದರ ಕೆಳಗೆ ಸದ್ದು, ಹೊಗೆ ಎರಡೂ ಕೂಡದು.

ಹಂತ 6: ಮೊದಲ ವಾರ ಕಸ ಆಯಿರಿ, ನಿಂತ ನೀರು ಚೆಲ್ಲಿ

ಗೇಟಿನಿಂದ ಶುರುಮಾಡಿ ದಾರಿಯ ಒಂದು ಬದಿ ಹಿಡಿದು ಹೋಗಿ, ಇನ್ನೊಂದು ಬದಿಯಲ್ಲಿ ವಾಪಸ್ ಬನ್ನಿ. ಬೆಂಚಿನ ಕೆಳಗೆ, ಬೇಲಿಯ ಬುಡದಲ್ಲಿ, ಮಕ್ಕಳ ಜಾರುಬಂಡೆಯ ಹಿಂದೆ ತಪ್ಪದೆ ನೋಡಿ. ಗಾಜಿನ ಚೂರನ್ನು ಬೇರೆ ಚೀಲಕ್ಕೇ ಹಾಕಿ. ಪೌರಕಾರ್ಮಿಕರ ಕೈಗೆ ಕೊಡುವಾಗ 'ಇದರಲ್ಲಿ ಗಾಜಿದೆ' ಎಂದು ಬಾಯಿಬಿಟ್ಟು ಹೇಳಿ. ಸಿರಿಂಜ್ ಸಿಕ್ಕಿದರೆ ಮುಟ್ಟಬೇಡಿ, ಮಾಲಿಯವರಿಗೆ ತೋರಿಸಿ.

ಅದೇ ಸುತ್ತಿನಲ್ಲಿ ನೀರು ನಿಂತ ಲೋಟ, ತೆಂಗಿನ ಚಿಪ್ಪು, ಹೂಕುಂಡದ ತಟ್ಟೆ, ಹಳೆ ಟೈರ್ ಎಲ್ಲವನ್ನೂ ಬೋರಲು ಹಾಕಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಒಂದು ಎಳನೀರು ಬುರುಡೆಯ ನೀರೂ ಸಾಕು. 2024 ರಲ್ಲಿ ಡೆಂಗಿಯನ್ನು ಕರ್ನಾಟಕ ಸರ್ಕಾರ ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಗಿ ಬಂದಿತ್ತು. ವಾರವಾರ ನೀರು ಚೆಲ್ಲಿದರೆ ಮರಿಹುಳ ಸೊಳ್ಳೆಯಾಗಿ ಹಾರುವುದಕ್ಕೆ ಬಿಡುವೇ ಸಿಗುವುದಿಲ್ಲ. ಇಡೀ ಬೀದಿಗೆ ಇದಕ್ಕಿಂತ ದೊಡ್ಡ ಉಪಕಾರ ಒಂದು ಗಂಟೆಯಲ್ಲಿ ಮಾಡುವುದು ಕಷ್ಟ.

ಹಂತ 7: ಕಾಂಗ್ರೆಸ್ ಗಿಡ ಗುರುತಿಸಿ ಕೀಳಿ

ಕಳೆ ಅಂದರೆ ಎಲ್ಲವನ್ನೂ ಕೀಳುವುದಲ್ಲ. ಮೊದಲಿಗೆ ಒಂದೇ ಗಿಡ ಕಲಿಯಿರಿ: ಪಾರ್ಥೇನಿಯಂ, ನಮ್ಮ ಜನ ಕರೆಯುವ ಕಾಂಗ್ರೆಸ್ ಗಿಡ. ಕ್ಯಾರೆಟ್ ಎಲೆಯನ್ನು ಹೋಲುವ ಸೀಳು ಎಲೆ, ಕವಲೊಡೆದ ಕಾಂಡ, ತುದಿಯಲ್ಲಿ ಸಣ್ಣ ಸಣ್ಣ ಬಿಳಿ ಹೂ. ಒಂದೇ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಆದ್ದರಿಂದ ಹೂ ಬಿಡುವ ಮೊದಲೇ ಕೀಳಬೇಕು.

ಮಳೆ ಬಂದ ಮಾರನೆಯ ದಿನ ಮಣ್ಣು ಮೆತ್ತಗಿರುತ್ತದೆ, ಆಗ ಹೋಗಿ. ಗ್ಲೌಸ್ ಹಾಕಿ, ಬುಡ ಹಿಡಿದು, ಬೇರು ಸಮೇತ ಎಳೆಯಿರಿ. ಮೇಲಿಂದ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಹೂ ಬಿಡದ ಗಿಡ ಗೊಬ್ಬರದ ರಾಶಿಗೆ ಹೋಗಬಹುದು. ಹೂ ಬಿಟ್ಟದ್ದನ್ನು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಹೊರಗೆ ಕಳಿಸಿ.

ಎಚ್ಚರ 1: ಆಸ್ತಮಾ ಅಥವಾ ಚರ್ಮದ ಅಲರ್ಜಿ ಇರುವವರು ಈ ಕೆಲಸ ಬೇರೆಯವರಿಗೆ ಬಿಡಿ. ಉಳಿದವರು ಮಾಸ್ಕ್ ಹಾಕಿ, ಮುಗಿದ ಮೇಲೆ ಕೈಕಾಲು ಸೋಪಿನಿಂದ ತೊಳೆಯಿರಿ.

ಎಚ್ಚರ 2: ಎಲೆಯ ಮೇಲೆ ನಸುಬಿಳಿ ಬೆನ್ನಿನ, ಕಂದು ಗೆರೆಗಳ ಪುಟ್ಟ ಜೀರುಂಡೆ ಕಂಡರೆ ಕೊಲ್ಲಬೇಡಿ. ಇದು ಪಾರ್ಥೇನಿಯಂ ಎಲೆ ತಿಂದು ಬದುಕುವ ಮೆಕ್ಸಿಕೋ ಜೀರುಂಡೆ. ವಿಜ್ಞಾನಿಗಳು ಇದನ್ನು ಈ ಕಳೆಯ ಹತೋಟಿಗೆಂದೇ ತರಿಸಿ, ಪರೀಕ್ಷಿಸಿ, 1984 ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಅದು ಕೂತ ಗಿಡಗಳನ್ನು ಅದಕ್ಕೇ ಬಿಟ್ಟು ಮುಂದೆ ಹೋಗಿ.

ಹಂತ 8: ತರಗೆಲೆಯಿಂದ ಗೊಬ್ಬರ ಮಾಡಿ

ಜನವರಿಯಿಂದ ಮಾರ್ಚ್‌ವರೆಗೆ ಪಾರ್ಕ್‌ಗಳಲ್ಲಿ ಎಲೆ ಉದುರುವ ಕಾಲ. ಗುಡಿಸಿ ಬೆಂಕಿ ಹಚ್ಚುವ ಅಭ್ಯಾಸ ಇನ್ನೂ ಕೆಲವೆಡೆ ಇದೆ. ಬಯಲಲ್ಲಿ ಕಸ ಸುಡುವುದು ಕಾನೂನಿಗೆ ವಿರುದ್ಧ, ಆ ಹೊಗೆ ವಾಕಿಂಗ್ ಬಂದವರ ಎದೆಗೇ ಹೋಗುತ್ತದೆ, ಜೊತೆಗೆ ಒಳ್ಳೆಯ ಗೊಬ್ಬರವೂ ಬೂದಿಯಾಗುತ್ತದೆ. ಹೀಗೆ ಮಾಡಿ:

1. ನೆರಳಿರುವ ಮೂಲೆಯಲ್ಲಿ ಮೂರಡಿ ಅಗಲ, ಮೂರಡಿ ಉದ್ದದ ಜಾಗ ಕೇಳಿ ಪಡೆಯಿರಿ. ಮರದ ಬುಡಕ್ಕೆ ತಾಗಿಸಬೇಡಿ.
2. ಸುತ್ತ ಕಬ್ಬಿಣದ ಮೆಶ್ ನಿಲ್ಲಿಸಿ ಅಥವಾ ಸಂದು ಬಿಟ್ಟು ಇಟ್ಟಿಗೆ ಜೋಡಿಸಿ. ಗಾಳಿ ಆಡಬೇಕು.
3. ಒಂದಡಿ ಎತ್ತರ ಒಣ ಎಲೆ ಹರಡಿ.
4. ಮೇಲೆ ತೆಳ್ಳಗೆ ಹಸಿ ಹುಲ್ಲು, ಹಸಿ ಎಲೆ ಹಾಕಿ.
5. ಸಗಣಿ ನೀರು ಅಥವಾ ಹುಳಿ ಮಜ್ಜಿಗೆ ಚಿಮುಕಿಸಿ, ಎರಡು ಹಿಡಿ ಮಣ್ಣು ಎರಚಿ.
6. ಮೂರಡಿ ಎತ್ತರ ಆಗುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡಿ.
7. ಪ್ರತಿ ವಾರ ಬಂದಾಗ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿ ಮಗುಚಿ.

ತೇವ ಸರಿಯಿದೆಯೇ ಎಂದು ನೋಡಲು ಒಂದು ಹಿಡಿ ಎತ್ತಿ ಅದುಮಿ. ಹಿಂಡಿ ಒಣಗಹಾಕುವ ಬಟ್ಟೆಯ ಹಾಗೆ ಒದ್ದೆ ಇರಬೇಕು, ನೀರು ತೊಟ್ಟಿಕ್ಕಬಾರದು. ನಾತ ಬಂದರೆ ನೀರು ಹೆಚ್ಚಾಗಿದೆ ಎಂದರ್ಥ: ಒಣ ಎಲೆ ಸೇರಿಸಿ, ಮಗುಚಿ. ಏನೂ ಕೊಳೆಯುತ್ತಿಲ್ಲ ಅನ್ನಿಸಿದರೆ ನೀರು ಕಡಿಮೆಯಾಗಿದೆ: ಚಿಮುಕಿಸಿ. ಮೂರು ನಾಲ್ಕು ತಿಂಗಳಿಗೆ ರಾಶಿ ಕಪ್ಪಾಗಿ, ಪುಡಿಪುಡಿಯಾಗಿ, ಮಣ್ಣಿನ ವಾಸನೆ ಬರುತ್ತದೆ. ಮಾವು, ಹಲಸಿನಂಥ ದಪ್ಪ ಎಲೆಗೆ ಇನ್ನಷ್ಟು ಸಮಯ ಕೊಡಿ.

ಎಚ್ಚರ: ಮನೆಯ ಅನ್ನ, ಸಾರು, ಮಾಂಸ ಇಲ್ಲಿ ಹಾಕಲು ಯಾರಿಗೂ ಬಿಡಬೇಡಿ. ಇಲಿ, ನಾಯಿ ಬರುತ್ತವೆ. ಹಾಗೆಯೇ ಪಾರ್ಕ್‌ನ ಎಲ್ಲ ಎಲೆಯನ್ನೂ ಬಳಿದುಬಿಡಬೇಡಿ. ದಾರಿಯ ಮೇಲಿನದನ್ನು ಗುಡಿಸಿ, ಮರದ ಕೆಳಗಿನದನ್ನು ಹಾಗೇ ಬಿಡಿ. ಅದು ಮಣ್ಣಿನ ತಂಪು ಕಾಯುತ್ತದೆ, ಹುಳಹುಪ್ಪಟೆಗೂ ಅವನ್ನು ತಿನ್ನುವ ಹಕ್ಕಿಗೂ ಆಸರೆಯಾಗುತ್ತದೆ.

ಹಂತ 9: ಮರಗಳ ಮೈ ನೋಡಿ

ಒಂದು ವಾರ ಕೆಲಸ ಬದಿಗಿಟ್ಟು ಒಂದೊಂದೇ ಮರದ ಸುತ್ತ ನಿಂತು ನೋಡಿ. ಬೋರ್ಡ್ ಹೊಡೆದ ಮೊಳೆ, ಸೀರಿಯಲ್ ಸೆಟ್ ಕಟ್ಟಿ ಮರೆತ ತಂತಿ, ಕಾಂಡ ದಪ್ಪವಾದ ಮೇಲೂ ತೆಗೆಯದೆ ತೊಗಟೆಗೆ ಕಚ್ಚಿಕೊಂಡ ಟ್ರೀ ಗಾರ್ಡ್, ಬುಡದವರೆಗೆ ಸುರಿದ ಕಾಂಕ್ರೀಟ್, ಇವನ್ನು ಪಟ್ಟಿ ಮಾಡಿ. ತಲೆ ಹೊರಗೆ ಚಾಚಿರುವ ಮೊಳೆಯನ್ನು ಸುತ್ತಿಗೆಯ ಸೀಳು ಬಾಯಿಂದ ನಿಧಾನವಾಗಿ ಎಳೆಯಿರಿ. ಒಳಗೆ ಹೂತುಹೋದದ್ದನ್ನು ಕೆದಕಬೇಡಿ, ಗಾಯ ದೊಡ್ಡದಾಗುತ್ತದೆ. ಟ್ರೀ ಗಾರ್ಡ್ ಕತ್ತರಿಸುವುದು, ಕಾಂಕ್ರೀಟ್ ಒಡೆಯುವುದು ಇಲಾಖೆಯವರ ಕೆಲಸ. ಫೋಟೋ ಸಮೇತ ಪಟ್ಟಿ ಕೊಡಿ.

ಎಚ್ಚರ: ಕೊಂಬೆ ಕಡಿಯಲು ಹೋಗಬೇಡಿ. 1976 ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯುವ ಅನುಮತಿ ಕೊಡಬೇಕಾದವರು ವೃಕ್ಷಾಧಿಕಾರಿ. ದಾರಿಯ ಮೇಲೆ ಬೀಳುವಂತಿರುವ ಕೊಂಬೆಯನ್ನು ತಕ್ಷಣ ತಿಳಿಸಿ. ಅಪಾಯವಿಲ್ಲದ ಒಣಕೊಂಬೆಯನ್ನು ಉಳಿಸಿ ಎಂದೂ ಕೇಳಿ. ಕುಟ್ರು ಹಕ್ಕಿ ಗೂಡು ಕೊರೆಯುವುದು ಅಂಥ ಮೆತ್ತನೆಯ ಒಣಮರದಲ್ಲೇ.

ಹಂತ 10: ಮಳೆಗಾಲದಲ್ಲಿ ಒಂದೇ ಸಸಿ ನೆಡಿ

ಹೌದು, ಒಂದೇ. ನೀವು ವರ್ಷವಿಡೀ ನೀರು ಹಾಕಿ ಕಾಯಬಲ್ಲಷ್ಟೇ ಸಸಿ ನೆಡುವುದು ನಿಯಮ. ಜೂನ್ 5 ರ ಪರಿಸರ ದಿನಕ್ಕೆ ಆತುರ ಪಡಬೇಡಿ. ಮಣ್ಣು ಒಂದಡಿ ಆಳದವರೆಗೆ ನೆನೆಯುವ ತನಕ ಕಾಯಿರಿ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೂ ಚೆನ್ನಾಗಿ ಮಳೆಯಾಗುತ್ತದೆ, ಹಾಗಾಗಿ ಸಮಯವಿದೆ.

ದೊಡ್ಡ ಜಾಗವಿದ್ದರೆ ಹೊಂಗೆ, ನೇರಳೆ, ಬೇವು, ಸಂಪಿಗೆ. ಸಣ್ಣ ಜಾಗವಿದ್ದರೆ ಪಾರಿಜಾತ, ನಂದಿಬಟ್ಟಲು, ಕರಿಬೇವು. ಕರಿಬೇವಿನ ಎಲೆಯ ಮೇಲೆ ಚಿಟ್ಟೆಗಳು ಮೊಟ್ಟೆಯಿಡುತ್ತವೆ, ಮಕ್ಕಳಿಗೆ ತೋರಿಸಲು ಒಳ್ಳೆಯದು. ಮೇಲೆ ಕರೆಂಟ್ ತಂತಿ, ಕೆಳಗೆ ಪೈಪು ಇಲ್ಲದ ಕಡೆಯನ್ನು ಮಾಲಿಯವರ ಜೊತೆ ನಿಂತು ಗೊತ್ತುಮಾಡಿ.

1. ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೋಡಿ.
2. ತೋಡಿದ ಮಣ್ಣಿಗೆ ಒಂದು ಬಾಂಡ್ಲಿ ಎಲೆಗೊಬ್ಬರ ಬೆರೆಸಿ.
3. ಗುಂಡಿಯ ಅರ್ಧ ಭಾಗ ತುಂಬಿ.
4. ಸಸಿಯ ಪ್ಲಾಸ್ಟಿಕ್ ಕವರ್ ಸೀಳಿ ಪೂರ್ತಿ ತೆಗೆಯಿರಿ. ಮಣ್ಣಿನ ಹೆಂಟೆ ಒಡೆಯದಂತೆ ಎರಡೂ ಕೈಯಲ್ಲಿ ಹಿಡಿಯಿರಿ.
5. ಕವರ್‌ನಲ್ಲಿದ್ದಾಗ ಮಣ್ಣು ಎಲ್ಲಿಯವರೆಗಿತ್ತೋ ಈಗಲೂ ಅಲ್ಲಿಯವರೆಗೇ ಇರುವಂತೆ ಕೂರಿಸಿ.
6. ಸುತ್ತ ಮಣ್ಣು ತುಂಬಿ, ಅಂಗೈಯಿಂದ ಒತ್ತಿ.
7. ಕಾಂಡದ ಸುತ್ತ ಒಂದೂವರೆ ಅಡಿ ಬಿಟ್ಟು ಪಾತಿ ಕಟ್ಟಿ.
8. ಊರುಗೋಲು ನೆಟ್ಟು ಮೆತ್ತನೆಯ ಬಟ್ಟೆಯಿಂದ ಸಡಿಲವಾಗಿ ಕಟ್ಟಿ.
9. ಒಂದು ಕೊಡ ನೀರು ಹಾಕಿ, ಪಾತಿಗೆ ತರಗೆಲೆ ಹೊದಿಸಿ. ಎಲೆ ಕಾಂಡಕ್ಕೆ ತಾಗದಿರಲಿ.

ಎಚ್ಚರ: ಕವರ್ ತೆಗೆಯದೆ ನೆಡುವುದು ಹೊಸಬರ ಗುಂಪಿನಲ್ಲಿ ಆಗಾಗ ನಡೆಯುತ್ತದೆ. ಫೋಟೋ ತೆಗೆಯುವ ಗಡಿಬಿಡಿಯಲ್ಲಿ ಇದನ್ನು ಮರೆಯಬೇಡಿ. ಮಕ್ಕಳು ಆಡುವ ಬಯಲಿನ ನಡುವೆಯೂ ನೆಡಬೇಡಿ.

ಹಂತ 11: ಬೇಸಿಗೆಯಲ್ಲಿ ಕೈಬಿಡಬೇಡಿ

ನೆಟ್ಟ ಸಸಿಯ ಮೊದಲ ಬೇಸಿಗೆಯೇ ಅದರ ಪರೀಕ್ಷೆ. ಫೆಬ್ರವರಿಯಿಂದ ಮೇವರೆಗೆ ವಾರಕ್ಕೆ ಎರಡು ಸಲ ಒಂದೊಂದು ಕೊಡ ನೀರು ಬೇಕು. ಒಂದು ಸಲ ನೀವು, ಇನ್ನೊಂದು ಸಲ ದಿನಾ ವಾಕಿಂಗ್ ಬರುವ ಯಾರಾದರೂ, ಹೀಗೆ ಹಂಚಿಕೊಳ್ಳಿ. ಬೆಳಿಗ್ಗೆ ಬೇಗ ಅಥವಾ ಸಂಜೆ, ನಿಧಾನವಾಗಿ, ಪಾತಿಯ ಅಂಚಿಗೆ ಹಾಕಿ.

ನೀರು ಎಲ್ಲಿಂದ ಎಂಬುದೂ ಮುಖ್ಯ. 2024 ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸುವುದನ್ನೇ ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದಿತು. ಶುದ್ಧೀಕರಿಸಿದ ಕೊಳಚೆ ನೀರು ಸಿಗುತ್ತದೆಯೇ, ಮಳೆನೀರು ಇಂಗುಗುಂಡಿ ಮಾಡಬಹುದೇ ಎಂದು ಇಲಾಖೆಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಹಂತ 12: ಒಂದು ಮರದ ಲೆಕ್ಕ ಬರೆಯಿರಿ

ಬೆನ್ನು ಬಗ್ಗದವರು, ಮೊಣಕಾಲು ನೋವಿನವರು ಬೇಸರಪಡಬೇಡಿ, ನಿಮಗೂ ಕೆಲಸವಿದೆ. ಒಂದು ಮರ ಆರಿಸಿ, ಪ್ರತಿ ವಾರ ಅದರಲ್ಲಿ ಚಿಗುರು, ಹೂ, ಕಾಯಿ ಎಷ್ಟಿದೆ ಎಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಸೀಸನ್‌ವಾಚ್ ಎಂಬ ದೇಶವ್ಯಾಪಿ ಯೋಜನೆ 2010 ರಿಂದ ಸಾಮಾನ್ಯ ಜನರು, ಶಾಲಾ ಮಕ್ಕಳು ಹೀಗೆ ನೋಡಿ ಬರೆದದ್ದನ್ನು ಕೂಡಿಸುತ್ತಿದೆ. ಹವಾಮಾನ ಬದಲಾದಂತೆ ಮರಗಳು ಹೂ ಬಿಡುವ ಹೊತ್ತು ಬದಲಾಗುತ್ತಿದೆಯೇ ಎಂದು ತಿಳಿಯಲು ಇಂಥ ಮಾಹಿತಿ ಬೇಕು. ಅವರ ಆ್ಯಪ್‌ನಲ್ಲಿ ಮರವನ್ನು ನೋಂದಾಯಿಸಿದರೆ ನಿಮ್ಮ ಹೊಂಗೆಯ ಲೆಕ್ಕವೂ ಅಲ್ಲಿ ಸೇರುತ್ತದೆ.

ಹಂತ 13: ಇನ್ನೊಬ್ಬರನ್ನು ಕರೆತನ್ನಿ

ಮೂರು ತಿಂಗಳು ತಪ್ಪದೆ ಹೋದ ಮೇಲೆ ಒಬ್ಬರನ್ನು ಸೇರಿಸಿ. ದೊಡ್ಡ ಗುಂಪು ಬೇಡ, ವಾರ ತಪ್ಪದ ಒಬ್ಬರು ಸಾಕು. ನಿಮಗೆ ಜ್ವರ ಬಂದ ವಾರ, ಊರಿಗೆ ಹೋದ ವಾರ ಕೆಲಸ ನಿಲ್ಲಬಾರದು, ಅದಕ್ಕೆ ಈ ಜೊತೆ. ಹೊಸಬರು ಬಂದ ದಿನ ಅವರನ್ನು ಮೊದಲು ಮಾಲಿಯವರ ಹತ್ತಿರ ಕರೆದುಕೊಂಡು ಹೋಗಿ ಪರಿಚಯಿಸಿ, ಆಮೇಲೆ ಗ್ಲೌಸ್ ಕೊಡಿ.

ವರ್ಷದ ಪಟ್ಟಿ, ಒಂದೇ ನೋಟಕ್ಕೆ

- ಜನವರಿ–ಮಾರ್ಚ್: ಎಲೆ ಗುಡಿಸಿ ಗೊಬ್ಬರದ ರಾಶಿ, ಸಸಿಗೆ ನೀರು
- ಏಪ್ರಿಲ್–ಮೇ: ನೀರು, ಮರಗಳ ಪಟ್ಟಿ, ಹೊಸ ಸಸಿಗೆ ಗುಂಡಿ
- ಜೂನ್–ಸೆಪ್ಟೆಂಬರ್: ಸಸಿ ನೆಡುವುದು, ಕಳೆ ಕೀಳುವುದು
- ಅಕ್ಟೋಬರ್–ಡಿಸೆಂಬರ್: ಪಾತಿ ಸರಿಮಾಡಿ ಹೊದಿಕೆ, ಊರುಗೋಲಿನ ಕಟ್ಟು ಸಡಿಲಿಸುವುದು
- ಪ್ರತಿ ವಾರ, ವರ್ಷಪೂರ್ತಿ: ಕಸ ಆಯುವುದು, ನಿಂತ ನೀರು ಚೆಲ್ಲುವುದು

ಹದಿಮೂರು ಹಂತ ಓದಿ ತಲೆ ತುಂಬಿತೇ? ಎಲ್ಲವನ್ನೂ ಒಟ್ಟಿಗೆ ಮಾಡಬೇಕಿಲ್ಲ. ಒಂದು ವಾರ ತಪ್ಪಿದರೆ ನಾಚಿಕೊಂಡು ಬಿಟ್ಟುಬಿಡಬೇಡಿ, ಮುಂದಿನ ವಾರ ಅದೇ ಹೊತ್ತಿಗೆ ಹೋಗಿ ನಿಲ್ಲಿ. ಈ ಭಾನುವಾರ ಮಾಡಬೇಕಾದದ್ದು ಎರಡೇ: ಚೀಟಿ ಹಿಡಿದು ಪಾರ್ಕ್‌ಗೆ ಒಂದು ಸುತ್ತು ಹಾಕಿ, ಆಮೇಲೆ ಮಾಲಿಯವರ ಹೆಸರು ಕೇಳಿ ನಿಮ್ಮ ಹೆಸರು ಹೇಳಿ.